ಜೀರ್ಣಯಂತ್ರವೂ ಮಿತವ್ಯಯದ ವಿವೇಕವೂ

ಜೀರ್ಣೋದ್ಧಾರವೆಂಬ ಪದವನ್ನು ಕನ್ನಡಿಗರು ಬಹುಮಟ್ಟಿಗೆ ದೇವಾಲಯ, ಕೆರೆ, ಬಾವಿಗಳಿಗೆ ಮೀಸಲಾಗಿರಿಸಿದ್ದಾರೆ. ಸವೆದ ಯಂತ್ರಕ್ಕೂ ಆ ಪದ ಸಲ್ಲುವುದೆಂಬುದನ್ನು ಅರಿಯಬೇಕಾದರೆ ಅಮೆರಿಕದ ಮಿನ್ನೆಸೋಟ ರಾಜ್ಯದ ಚೆರಿ ಗ್ರೋವ್ ಎಂಬ ಸಣ್ಣ ಹಳ್ಳಿಯತ್ತ ದೃಷ್ಟಿ ಹಾಯಿಸಬೇಕು. ಅಲ್ಲಿ ಬರ್ನಾರ್ಡ್ ಪೀಟನ್‌ಪಾಲ್ ಎಂಬ ಯಂತ್ರಕರ್ಮಿಯೊಬ್ಬನಿದ್ದನು. ವಿಮಾನಶಾಸ್ತ್ರವನ್ನು ಯಾವ ವಿದ್ಯಾಲಯದಲ್ಲಿಯೂ ಅಭ್ಯಸಿಸಿದವನಲ್ಲ. 1920ರ ದಶಕದ ಕೊನೆಯಲ್ಲಿ ಆತನು ಮರ ಮತ್ತು ಬಟ್ಟೆಗಳಿಂದ ಇಬ್ಬರು ಕೂರುವ ವಿಮಾನವೊಂದನ್ನು ಕಟ್ಟಿ, ಫೋರ್ಡ್ ಕಂಪನಿಯ ‘ಮಾಡೆಲ್ ಎ’ ಮೋಟಾರುಗಾಡಿಯ ಎಂಜಿನ್ನನ್ನು ಅದಕ್ಕೆ ಜೋಡಿಸಿದನು. ಅದೇ ‘ಏರ್ ಕ್ಯಾಂಪರ್’. ಮೋಟಾರುಗಾಡಿಯ ಎಂಜಿನ್ನು ವಿಮಾನಕ್ಕೆ ಒಗ್ಗದೆಂಬುದು ‘ಮಾಡರ್ನ್ ಮೆಕ್ಯಾನಿಕ್ಸ್’ ಪತ್ರಿಕೆಯ ಸಂಪಾದಕ ವೆಸ್ಟನ್ ಫಾರ್ಮರನ ಮತವಾಗಿತ್ತು. ಪೀಟನ್‌ಪಾಲನು ವಾಗ್ವಾದಕ್ಕಿಳಿಯಲಿಲ್ಲ; 1930ರಲ್ಲಿ ಅಂತಹ ಎರಡು ವಿಮಾನಗಳನ್ನು ಮಿನ್ನಿಯಾಪೊಲಿಸ್ ನಗರದ ಬಳಿಗೆ ಹಾರಿಸಿ ತಂದು ತೋರಿಸಿದನು. ಪ್ರತ್ಯಕ್ಷಪ್ರಮಾಣದ ಮುಂದೆ ಸಂಪಾದಕನು ತಲೆಬಾಗಿದನು. ವಿಮಾನದ ನಕ್ಷೆಗಳು ಅವನ ಪ್ರಕಾಶನದಲ್ಲಿಯೇ ಅಚ್ಚಾದವು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ಬಡವನೂ ಗುಜರಿಯ ಎಂಜಿನ್ನಿನಿಂದ ಹಾರಬಲ್ಲನೆಂದು ಹರ್ಷಿಸುತ್ತಾರೆ. ಹರ್ಷವು ಸಹಜವಾದರೂ ಅರ್ಧಸತ್ಯವಾದುದು. ಮಾಡೆಲ್ ಎ ಎಂಜಿನ್ನಿನ ಬಲ 40 ಅಶ್ವಶಕ್ತಿ. ಸಮನಾದ ರಸ್ತೆಯ ಮೇಲೆ ಸಾಗುವ ಗಾಡಿಗೆ ಆ ಬಲದ ಒಂದಂಶ ಸಾಕು. ಏರು ಬಂದಾಗ ಮಾತ್ರ ಎಂಜಿನ್ನು ಏದುಸಿರು ಬಿಡುತ್ತದೆ. ವಿಮಾನಕ್ಕಾದರೋ ನೆಲ ಬಿಡುವಾಗ ಪೂರ್ಣಬಲ ಬೇಕು. ಅನಂತರವೂ ಗಂಟೆಗಟ್ಟಲೆ ಬಲದ ಬಹುಭಾಗವನ್ನು ಬಿಡುವಿಲ್ಲದೆ ಒದಗಿಸುತ್ತಿರಬೇಕು. ಗಾಡಿ ಕೆಟ್ಟರೆ ಮರದ ನೆರಳಿನಲ್ಲಿ ನಿಲ್ಲಿಸಬಹುದು. ಆಕಾಶದಲ್ಲಿ ಮರದ ನೆರಳಿಲ್ಲ.

ಮತ್ತೊಂದು ಸೂಕ್ಷ್ಮವುಂಟು. ಮೋಟಾರುಗಾಡಿಯ ಕ್ರ್ಯಾಂಕ್‌ಷಾಫ್ಟು ತಿರುಚುವ ಬಲವನ್ನು ಹೊರಲು ರಚಿತವಾದುದು. ಪ್ರೊಪೆಲರಾದರೋ ಅದನ್ನು ಮುಂದಕ್ಕೆ ಎಳೆಯುವುದಲ್ಲದೆ ಬಾಗಿಸಲೂ ಹವಣಿಸುತ್ತದೆ. ತಿರುಗುವ ಬುಗುರಿಯನ್ನು ಒಂದು ಕಡೆಗೆ ಬಾಗಿಸಹೋದರೆ ಅದು ಇನ್ನೊಂದು ಕಡೆಗೆ ಸರಿಯುವಂತೆ, ವಿಮಾನದ ಮೂತಿ ಹೊರಳಿದಾಗಲೆಲ್ಲ ತಿರುಗುವ ಪ್ರೊಪೆಲರು ಷಾಫ್ಟಿನ ತುದಿಯನ್ನು ಅಡ್ಡಕ್ಕೆ ತಳ್ಳುತ್ತದೆ. ಷೆವ್ರೊಲೆ ಕಂಪನಿಯ ‘ಕಾರ್ವೇರ್’ ಗಾಡಿಯ ಎಂಜಿನ್ನು ಈ ಪಾಠವನ್ನು ಕಠಿನವಾಗಿ ಕಲಿಸಿತು. ಆರು ಸಿಲಿಂಡರುಗಳ, ಗಾಳಿಯಿಂದಲೇ ತಂಪಾಗುವ ಆ ಎಂಜಿನ್ನನ್ನು 1960ರ ದಶಕದಲ್ಲಿ ಸ್ವತಃ ಪೀಟನ್‌ಪಾಲನೇ ತನ್ನ ವಿಮಾನಕ್ಕೆ ಅಳವಡಿಸಿದ್ದನು. ಮುಂದೆ ಹವ್ಯಾಸಿಗಳು ಹೆಚ್ಚು ವೇಗದ ವಿಮಾನಗಳಿಗೂ ಅದನ್ನು ಹೂಡಲಾಗಿ ಕೆಲವು ಷಾಫ್ಟುಗಳು ಹಾರಾಟದಲ್ಲಿಯೇ ಮುರಿದವು. ಉಕ್ಕಿನ ಮೇಲ್ಮೈಯನ್ನು ನೈಟ್ರೈಡಿಂಗ್ ಕ್ರಿಯೆಯಿಂದ ಗಡುಸಾಗಿಸಿದರು. ಅದೂ ಸಾಲದೆ, ಮೂಲದ ನಾಲ್ಕು ಬೇರಿಂಗುಗಳಿಗೆ ಪ್ರೊಪೆಲರಿನ ಕಡೆಯಲ್ಲಿ ಐದನೆಯದೊಂದನ್ನು ಸೇರಿಸಿದರು. ಆ ಗಾಡಿಯ ತಯಾರಿಕೆ 1969ರಲ್ಲಿ ನಿಂತುಹೋದುದರಿಂದ ಇಂದು ದೊರೆಯುವ ಮೂಲ ಎಂಜಿನ್ನುಗಳೆಲ್ಲವೂ ಅರ್ಧ ಶತಮಾನಕ್ಕಿಂತ ಹಳೆಯವು.

ಹಾಗಾದರೆ ಮಿತವ್ಯಯಕ್ಕೆ ಎಡೆಯೆಲ್ಲಿ? ಎಡೆ ಬೇಕಾದಷ್ಟಿದೆ, ಆದರೆ ಜನರು ಹುಡುಕುವಲ್ಲಿ ಇಲ್ಲ. ಎಂಜಿನ್ನನ್ನು ಬಿಚ್ಚಿ, ದಶಕಗಳ ಜಿಡ್ಡನ್ನು ತೊಳೆದು, ಒಂದೊಂದು ಅಂಗವನ್ನೂ ಗುರುತುಮಾಡಿ ಜೋಡಿಸಿಡುವ ಕಾರ್ಯಕ್ಕೆ ವಾರಗಳೇ ಬೇಕು. ಅದನ್ನು ಸ್ವಂತ ಕೈಯಿಂದ ಮಾಡುವವನು ಹಣ ತೆರಬೇಕಾಗಿಲ್ಲ. ಹೊರಕವಚ, ಮುಚ್ಚಳ, ಎಣ್ಣೆಯ ತೊಟ್ಟಿ ಇವು ಬಿರುಕು, ಸೊಟ್ಟ ಇಲ್ಲದಿದ್ದರೆ ಮರಳಿ ಉಪಯೋಗಕ್ಕೆ ಬರುತ್ತವೆ. ಪಿಸ್ಟನ್ ರಿಂಗು, ಬೇರಿಂಗು, ಗ್ಯಾಸ್ಕೆಟ್ಟು, ಕನೆಕ್ಟಿಂಗ್ ರಾಡಿನ ಬೋಲ್ಟು, ನಿಷ್ಕಾಸದ ವಾಲ್ವು ಇವುಗಳಲ್ಲಿ ಹಳೆಯದನ್ನು ಉಳಿಸಿಕೊಳ್ಳುವುದು ಮಿತವ್ಯಯವಲ್ಲ, ಕಾರ್ಪಣ್ಯ. ಉಳಿದಿರುವ ಕ್ರ್ಯಾಂಕ್‌ಷಾಫ್ಟಿನ ವಿಷಯದಲ್ಲಿಯೇ ನಿಜವಾದ ವಿವೇಕದ ಪರೀಕ್ಷೆ. ಅದು ಕಣ್ಣಿಗೆ ಕನ್ನಡಿಯಂತೆ ಹೊಳೆಯುತ್ತಿರಬಹುದು. ಓಲೆಗರಿಯ ಗ್ರಂಥವನ್ನು ಸಂಪಾದಿಸುವವನು ಅಕ್ಷರ ಅಂದವಾಗಿದೆಯೆಂದು ಪಾಠವನ್ನು ಒಪ್ಪಿಬಿಡುವುದಿಲ್ಲ. ಪ್ರತ್ಯಂತರಗಳೊಡನೆ ತಾಳೆ ನೋಡುತ್ತಾನೆ. ಷಾಫ್ಟನ್ನೂ ಅಂತೆಯೇ ಮೈಕ್ರೊಮೀಟರಿನಿಂದ ಹಲವೆಡೆ ಅಳೆದು, ತಯಾರಕರು ಕೊಟ್ಟ ಅಳತೆಯೊಡನೆ ಹೋಲಿಸಬೇಕು. ದುಂಡಗಿರಬೇಕಾದುದು ಅಂಡಾಕಾರಕ್ಕೆ ತಿರುಗಿದ್ದರೆ ಅಂಗುಲದ ಸಾವಿರದಲ್ಲಿ ಹತ್ತು ಪಾಲಿನಷ್ಟು ಸಾಣೆ ಹಿಡಿಸಿ, ಅದಕ್ಕೊಪ್ಪುವ ಬೇರಿಂಗನ್ನು ಹಾಕಬಹುದು. ಆಗಲೂ ಅಂಚಿನ ಬಾಗನ್ನು ಕಾಪಾಡಬೇಕು. ಚೂಪಾದ ಮೂಲೆಯಲ್ಲಿಯೇ ಬಿರುಕಿನ ಜನನ. ಬಿರುಕನ್ನು ಹುಡುಕಲು ಷಾಫ್ಟಿಗೆ ಕಾಂತಶಕ್ತಿಯನ್ನೂಡಿ ಕಬ್ಬಿಣದ ನುಣುಪು ಪುಡಿಯನ್ನು ಹರಿಸುತ್ತಾರೆ. ಬಿರುಕಿದ್ದೆಡೆ ಕಾಂತಬಲವು ಹೊರಸೂಸಿ ಪುಡಿಯು ಗೆರೆಯಾಗಿ ನಿಲ್ಲುತ್ತದೆ. ಗೆರೆ ಕಂಡ ಷಾಫ್ಟು, ಅದೆಷ್ಟು ಹಣ ತೆತ್ತು ತಂದುದಾದರೂ, ಗುಜರಿಗೇ ಹೋಗತಕ್ಕದ್ದು.

ಈ ಪರೀಕ್ಷೆಗೆ ಆಗುವ ವೆಚ್ಚವು ಯಾರ ಕಣ್ಣಿಗೂ ಬೀಳುವುದಿಲ್ಲ. ಬಣ್ಣ ಬಳಿದ ರೆಕ್ಕೆಯನ್ನು ಎಲ್ಲರೂ ಮೆಚ್ಚುತ್ತಾರೆ, ಮೈಕ್ರೊಮೀಟರಿಗೆ ಕೊಟ್ಟ ಹಣವನ್ನು ಯಾರೂ ಕೇಳುವುದಿಲ್ಲ. (ಶಾಲೆಗಳ ಪ್ರಯೋಗಶಾಲೆಗೆ ನೆರವಾಗುವ ಉದಾರಿಗಳಲ್ಲಿಯೂ ಕಟ್ಟಡಕ್ಕೆ ಕೊಡುವವರು ಹಲವರು, ಅಳತೆಯ ಉಪಕರಣಗಳಿಗೆ ಕೊಡುವವರು ವಿರಳ, ಕಟ್ಟಡದ ಮೇಲೆ ಹೆಸರು ಕೆತ್ತಿಸಬಹುದಷ್ಟೆ.) ಆದುದರಿಂದ ಅಗ್ಗದ ಎಂಜಿನ್ನನ್ನು ಕಟ್ಟಬಯಸುವವನು ಮೊದಲು ಪರೀಕ್ಷೆಯ ಹಣವನ್ನು ಬೇರೆಯಾಗಿ ತೆಗೆದಿಟ್ಟು, ಉಳಿದುದರಲ್ಲಿ ಎಂಜಿನ್ನನ್ನು ಕೊಳ್ಳಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿದವನು ಎಷ್ಟೇ ಕುಶಲಿಯಾದರೂ ಹಾರಬಾರದು.

ಅಮೆರಿಕದ ವಿಮಾನ ನಿಯಮವು ಈ ಬಗೆಯ ವಿಮಾನದ ಬಹುಭಾಗವನ್ನು ಹವ್ಯಾಸಿಗಳೇ ತಮ್ಮ ಶಿಕ್ಷಣಕ್ಕಾಗಿ ಅಥವಾ ವಿನೋದಕ್ಕಾಗಿ ಕಟ್ಟಿರಬೇಕೆಂದು ವಿಧಿಸುತ್ತದೆ. ವಿನೋದಕ್ಕಿಂತ ಮೊದಲು ಶಿಕ್ಷಣವನ್ನಿರಿಸಿರುವುದು ಅಧ್ಯಾಪಕರು ಗಮನಿಸತಕ್ಕ ಸಂಗತಿ. ಮೋಟಾರುಗಾಡಿಯ ಎಂಜಿನ್ನನ್ನು ಹೂಡಿದ ವಿಮಾನವನ್ನು ಸಾಮಾನ್ಯವಾಗಿ 40 ಗಂಟೆಗಳ ಕಾಲ ಗೊತ್ತಾದ ಪ್ರದೇಶದ ಮೇಲೆ ಮಾತ್ರ ಹಾರಿಸಿ ಪರೀಕ್ಷಿಸಬೇಕು. ಆ ಅವಧಿಯಲ್ಲಿ ಮಡದಿಮಕ್ಕಳನ್ನಾಗಲಿ ಗೆಳೆಯರನ್ನಾಗಲಿ ವಿಹಾರಕ್ಕೆ ಕರೆದೊಯ್ಯುವಂತಿಲ್ಲ. ಏರ್ ಕ್ಯಾಂಪರಿನಲ್ಲಿ ಚಾಲಕನ ಸ್ಥಾನ ಹಿಂದಣದು. ಅಷ್ಟು ದಿನವೂ ಅವನು ತನ್ನ ಮುಂದಿನ ಬರಿಯ ಆಸನವನ್ನು ನೋಡುತ್ತಲೇ ಹಾರುತ್ತಾನೆ.