ಎಂಎಚ್370: ಹಾರಿದ ಹೊತ್ತು ಗೊತ್ತು, ದೂರ?

2014ರ ಮಾರ್ಚ್ 8ರಂದು 239 ಜನರನ್ನು ಹೊತ್ತು ಕೌಲಾಲಂಪುರದಿಂದ ಬೀಜಿಂಗಿಗೆ ಹೊರಟು ಕಣ್ಮರೆಯಾದ ವಿಮಾನ ಎಷ್ಟು ಹೊತ್ತು ಹಾರಿತೆಂಬುದರಲ್ಲಿ ತಜ್ಞರ ನಡುವೆ ಹೆಚ್ಚು ತಕರಾರಿಲ್ಲ. ಮಲೇಷ್ಯಾ ಸಮಯ ನಸುಕಿನ 1.07ಕ್ಕೆ ಅದರಲ್ಲಿ 43,800 ಕಿಲೊ ಇಂಧನವಿತ್ತು. 8.19ಕ್ಕೆ ಅದರ ಕೊನೆಯ ಸಂಕೇತ ಇನ್ಮಾರ್‌ಸ್ಯಾಟ್ ಉಪಗ್ರಹಕ್ಕೆ ತಲುಪಿತು. ಗಂಟೆಗೆ ಸರಾಸರಿ ಆರು ಟನ್ ಸುಡುವ ಬೋಯಿಂಗ್ 777ಕ್ಕೆ ಈ ಲೆಕ್ಕ ಕೂಡಿಬರುತ್ತದೆ. ಆ ಸಂಕೇತ ಉಪಗ್ರಹದಿಂದ ವಿಮಾನವಿದ್ದ ಅಂತರವನ್ನೂ ತಿಳಿಸಿತು. ಅಷ್ಟೇ ಅಂತರದಲ್ಲಿರುವ ಜಾಗಗಳನ್ನು ಜೋಡಿಸಿದಾಗ ಹಿಂದೂ ಮಹಾಸಾಗರದ ಮೇಲೆ ಬಿಲ್ಲಿನಾಕಾರದ ಒಂದು ಗೆರೆ ಮೂಡಿತು. ಆ ಗೆರೆಯನ್ನು ವಿಮಾನ ಎಲ್ಲಿ ದಾಟಿತು? ವಿವಾದವಿರುವುದು ಇಲ್ಲಿ.

ದಕ್ಷಿಣಕ್ಕೆ ಬೇಗ ತಿರುಗಿ, ಎತ್ತರದಲ್ಲಿ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಾಗಿತು ಎನ್ನುವವರ ವಾದ ಗಟ್ಟಿಯಾದದ್ದೇ. ಕೆಳಮಟ್ಟದಲ್ಲಿ ಜೆಟ್ ಎಂಜಿನ್ನುಗಳು ಹೆಚ್ಚು ಇಂಧನ ಕುಡಿಯುತ್ತವೆ. ಹಾಗೆ ಹಾರಿದ್ದರೆ 8.19ರವರೆಗೆ ಬಾಳುತ್ತಿರಲಿಲ್ಲ. ಈ ಲೆಕ್ಕ ವಿಮಾನವನ್ನು 38 ಡಿಗ್ರಿ ದಕ್ಷಿಣ ಅಕ್ಷಾಂಶದ ಸಮೀಪಕ್ಕೆ ಒಯ್ಯುತ್ತದೆ.

ಆದರೆ 2.22ಕ್ಕೆ ಸೇನಾ ರೇಡಾರಿನಿಂದ ಮರೆಯಾದ ಮೇಲೆ, ಸುಮಾರು 3.41ರವರೆಗೆ ಅದರ ದಾರಿಯನ್ನು ಯಾರೂ ಖಚಿತವಾಗಿ ಹೇಳಲಾರರು. ಸುಮಾತ್ರಾದ ಸುತ್ತ ನಿಧಾನಿಸಿದ್ದರೆ, ಅಷ್ಟೇ ಹೊತ್ತು ಹಾರಿಯೂ ದಕ್ಷಿಣಕ್ಕೆ ಕಡಿಮೆ ದೂರ ಹೋಗಿರುತ್ತದೆ. 2017ರ ಜನವರಿಯವರೆಗೆ 1,20,000 ಚದರ ಕಿಲೊಮೀಟರ್ ಸಾಗರತಳವನ್ನು ಜಾಲಾಡಿಯೂ ಏನೂ ಸಿಗದಿದ್ದುದು ಈ ಪಕ್ಷಕ್ಕೆ ಬಲ ಕೊಟ್ಟಿದೆ. ರಿಯೂನಿಯನ್ ದ್ವೀಪಕ್ಕೆ ತೇಲಿಬಂದ ರೆಕ್ಕೆಯ ಭಾಗದ ಜಾಡು ಹಿಡಿದ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ವಿಜ್ಞಾನಿಗಳು 35 ಡಿಗ್ರಿಯ ಆಸುಪಾಸನ್ನು ತೋರಿಸಿದರು. ಹಾಗೆಂದು ಉತ್ತರದ ವಾದ ಗೆದ್ದಿತೆನ್ನಲಾಗದು: 2018ರಲ್ಲಿ ಓಷನ್ ಇನ್ಫಿನಿಟಿ ಎಂಬ ಶೋಧ ಕಂಪನಿ ಗೆರೆಗುಂಟ ಉತ್ತರಕ್ಕೆ ಶೋಧಿಸಿ ಬರಿಗೈಯಲ್ಲಿ ಮರಳಿತು. ಹದಿನಾರು ತಿಂಗಳು ಗಾಳಿ, ಅಲೆಗಳ ಕೈಯಲ್ಲಿದ್ದ ತುಂಡೊಂದು ಹೊರಟ ಜಾಗವನ್ನು ಕರಾರುವಾಕ್ಕಾಗಿ ಹೇಳುವುದೂ ಇಲ್ಲ.

ಇಂಧನ ಮುಗಿದ ನಂತರದ ಪ್ರಶ್ನೆ ಇನ್ನೂ ಕಠಿಣ. ಕೊನೆಯ ಸಂಕೇತಗಳ ಆವರ್ತನ ವಿಮಾನ ರಭಸದಿಂದ ಕೆಳಗಿಳಿಯುತ್ತಿತ್ತೆಂದು ಸೂಚಿಸುತ್ತದೆ; ತಾಂಜಾನಿಯಾದಲ್ಲಿ ಸಿಕ್ಕ ಫ್ಲ್ಯಾಪ್, ಅಂದರೆ ನಿಧಾನವಾಗಿ ಇಳಿಸಲು ಪೈಲಟ್ ಚಾಚುವ ರೆಕ್ಕೆಯ ಭಾಗ, ಬಹುಶಃ ಚಾಚಿರಲಿಲ್ಲ. ಆದ್ದರಿಂದ ಅದು ಗೆರೆಯ ಬಳಿಯೇ ಬಿದ್ದಿರಬೇಕು ಎನ್ನುವುದು ನ್ಯಾಯವಾದ ಊಹೆ. ಆದರೂ ಆ ಸಂಕೇತಗಳು ಕೆಲವೇ ಸೆಕೆಂಡುಗಳ ಸಾಕ್ಷಿ. ನಿಯಂತ್ರಿಸುವ ಕೈಯೊಂದಿದ್ದಿದ್ದರೆ, 35,000 ಅಡಿಯಿಂದ ಎಂಜಿನ್ ಇಲ್ಲದೆಯೂ ನೂರಕ್ಕೂ ಹೆಚ್ಚು ಕಿಲೊಮೀಟರ್ ತೇಲಿಹೋಗಬಹುದಿತ್ತು. ಈ ಸಾಧ್ಯತೆಯನ್ನು ಪೂರ್ತಿ ಒಪ್ಪಿದರೆ ಶೋಧದ ಪಟ್ಟಿ ಹಲವು ಪಟ್ಟು ಅಗಲವಾಗುತ್ತದೆ, ಖರ್ಚೂ ಹಾಗೆಯೇ. ತಳ್ಳಿಹಾಕಿದರೆ, ಹತ್ತಿರವೇ ಇರುವ ಅವಶೇಷ ಅಂಚಿನಾಚೆ ಉಳಿದೀತು. ಉತ್ತರಕ್ಕಾಗಿ ಇಷ್ಟು ವರ್ಷ ಕಾದ ಕುಟುಂಬಗಳಿಗೆ ಈ ಎರಡೂ ತಪ್ಪುಗಳು ದುಬಾರಿ.

ನನಗೆ ತೋರುವಂತೆ, ಇಂಧನದ ಲೆಕ್ಕ ದೂರದ ಗರಿಷ್ಠ ಮಿತಿಯನ್ನು ಹೇಳಬಲ್ಲದು, ಬಿದ್ದ ಜಾಗವನ್ನಲ್ಲ. 33ರಿಂದ 36 ಡಿಗ್ರಿಯ ನಡುವೆ, ಈಗಾಗಲೇ ನೋಡಿದ ಪಟ್ಟಿಯನ್ನು ಎರಡೂ ಬದಿಗೆ ಒಂದಿಷ್ಟು ವಿಸ್ತರಿಸಿ, ಸೋನಾರ್ ಸ್ಪಷ್ಟವಾಗಿ ಕಾಣಲಾರದ ಕಡಿದಾದ ಇಳಿಜಾರುಗಳನ್ನು ಮತ್ತೆ ಪರೀಕ್ಷಿಸುವುದು ಸದ್ಯಕ್ಕೆ ಹೆಚ್ಚು ವಿವೇಕದ ದಾರಿ. ವಿಮಾನ ತೇಲಿಹೋಗಬಹುದಾಗಿದ್ದ ಪೂರ್ಣ ದೂರದವರೆಗಿನ ಶೋಧ ಅದಾದ ಮೇಲಿನ ಮಾತು.