ಗೌಂಡಿಗೆ ಓದಲಾಗದ ನಕ್ಷೆ ಯಾರ ಮನೆಗೆ?



ಸಿಂಧನೂರಿನ ಹೊರವಲಯದ ಒಂದು ಬಡಾವಣೆ. ಮೂವತ್ತು-ನಲವತ್ತರ ಸೈಟು. ಎರಡು ಬೆಳೆ ಭತ್ತ ಮಾರಿದ ದುಡ್ಡು, ಅದರ ಮೇಲೆ ಬ್ಯಾಂಕಿನ ಸಾಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣನ ಮಗ ಕಂಪ್ಯೂಟರಿನಲ್ಲಿ ಮನೆಯ ನಕ್ಷೆ ಬರೆದು ಕಳಿಸಿದ್ದ. ಅಭಿಮಾನದಿಂದ ಕೋಣೆಗಳ ಹೆಸರನ್ನೆಲ್ಲ ಕನ್ನಡದಲ್ಲೇ ಬರೆದಿದ್ದ. ಊರಿನ ಅಂಗಡಿಯೊಂದರಲ್ಲಿ ಆ ಕಡತ ತೆರೆದು ಅಚ್ಚು ಹಾಕಿಸಿದಾಗ ಬಂದದ್ದೇನು? ಬರೀ ಪ್ರಶ್ನೆ ಚಿಹ್ನೆ, ಖಾಲಿ ಚೌಕ! “ಏನ್ ಬರ್ದಾರ್ರಿ ಯಜಮಾನ್ರ ಇದ್ರಾಗ?” ಎಂದು ಗೌಂಡಿ ಕೇಳಿದ. ಯಜಮಾನರಿಗೂ ಗೊತ್ತಾಗಲಿಲ್ಲ. ಅಂದಾಜಿನ ಮೇಲೆ ಕೆಲಸ ನಡೆಯಿತು. ದೇವರ ಮನೆ ಬರಬೇಕಾದಲ್ಲಿ ಬಚ್ಚಲಿನ ಪೈಪು ಕೂತಿತು. ಕಟ್ಟಿದ ಗೋಡೆ ಒಡೆದು ಮತ್ತೆ ಕಟ್ಟುವಷ್ಟರಲ್ಲಿ ಬಾಗಿಲು-ಕಿಟಕಿಗೆಂದು ತೆಗೆದಿಟ್ಟ ಹಣ ಕರಗಿಹೋಗಿತ್ತು.

ಈ ಸುದ್ದಿ ಕೇಳಿದವರಲ್ಲಿ ಕೆಲವರು ನಕ್ಕರು. “ಅದಕ್ಕೇ ಹೇಳೋದು, ಕನ್ನಡ ಕಂಪ್ಯೂಟರಿಗೆ ಒಗ್ಗೋದಿಲ್ಲ” ಎಂದರು. ಇದು ಶುದ್ಧ ಸುಳ್ಳು! ಕನ್ನಡ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ತನ್ನ ಜಾಗ ಪಡೆದಿದೆ. ತಪ್ಪಿದ್ದು ಭಾಷೆಯಲ್ಲಲ್ಲ, ನಮ್ಮ ಅಜಾಗ್ರತೆಯಲ್ಲಿ. ಲಿಂಗಸುಗೂರು, ಸಿಂಧನೂರು, ಮಸ್ಕಿಯಿಂದ ಬೆಂಗಳೂರಿಗೆ ಬಂದು ಆಟೋಕ್ಯಾಡ್, ಸ್ಕೆಚ್‌ಅಪ್ ಕಲಿತ ನೂರಾರು ಹುಡುಗ-ಹುಡುಗಿಯರಿದ್ದೀರಿ. ಊರಿನಿಂದ ಫೋನು ಬಂದರೆ ರಾತ್ರಿ ಕೂತು ನಕ್ಷೆ ಬರೆದು ಕೊಡುತ್ತೀರಿ. ನಿಮಗಾಗಿಯೇ ಈ ಮಾತು. ಸ್ವಲ್ಪ ಕಿವಿಗೊಟ್ಟು ಕೇಳಿ.

ಮೊದಲು ಅಕ್ಷರದ ರೋಗ. ಕೆಟ್ಟ ಅಕ್ಷರದ ಚಹರೆ ನೋಡಿದರೆ ಸಾಕು, ಕಾರಣ ತಿಳಿಯುತ್ತದೆ. ಪ್ರಶ್ನೆ ಚಿಹ್ನೆ ಬಂದಿದೆಯೇ? ನಿಮ್ಮ ಬರಹದ ಶೈಲಿಗೆ ಆಟೋಕ್ಯಾಡ್‌ನ ಹಳೆಯ ಎಸ್‌ಎಚ್‌ಎಕ್ಸ್ ಫಾಂಟು ಅಂಟಿಕೊಂಡಿದೆ. ಅದರಲ್ಲಿ ಕನ್ನಡದ ಅಕ್ಷರವೇ ಇಲ್ಲ. ‘ಸ್ಟೈಲ್’ ಆಜ್ಞೆ ಕೊಟ್ಟು ತುಂಗಾ, ನಿರ್ಮಲಾ ಅಥವಾ ನೋಟೋ ಸಾನ್ಸ್ ಕನ್ನಡ ಫಾಂಟನ್ನು ಆರಿಸಿ. ಖಾಲಿ ಚೌಕ ಬಂದಿದೆಯೇ? ಫಾಂಟು ಸರಿಯಾದ ಜಾತಿಯದೇ, ಆದರೆ ಅದರಲ್ಲಿ ಕನ್ನಡ ಇಲ್ಲ, ಇಲ್ಲವೇ ಆ ಗಣಕದಲ್ಲಿ ಕನ್ನಡದ ಫಾಂಟೇ ಇಲ್ಲ. ಇಂಗ್ಲಿಷಿನ ಕಲಸುಮೇಲೋಗರ ಬಂದಿದೆಯೇ? ಅದು ಹಳೆಯ ನುಡಿ, ಬರಹ ಫಾಂಟುಗಳ ಬರವಣಿಗೆ. ಅವು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪ ಕೂರಿಸಿಕೊಂಡಿದ್ದವು. ಒಂದು ಕಾಲಕ್ಕೆ ಅವು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಆ ಫಾಂಟು ಇಲ್ಲದ ಗಣಕದಲ್ಲಿ ಬಣ್ಣ ಬಯಲಾಗುತ್ತದೆ. ಪರಿವರ್ತಕ ಬಳಸಿ ಯೂನಿಕೋಡಿಗೆ ತಂದೇ ಮುಂದುವರಿಯಿರಿ. ಒತ್ತಕ್ಷರ ಒಡೆದು ಪಕ್ಕಕ್ಕೆ ನಿಂತಿದ್ದರೆ ಒಂದು ಸಾಲಿನ ‘ಟೆಕ್ಸ್ಟ್’ ಬಿಟ್ಟು ‘ಎಂಟೆಕ್ಸ್ಟ್’ನಲ್ಲಿ ಬರೆದು ನೋಡಿ, ಫಾಂಟು ಬದಲಿಸಿ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಅಚ್ಚಿನ ಅಂಗಡಿಗೆ ಡಿಡಬ್ಲ್ಯುಜಿ ಕಡತ ಕಳಿಸಲೇಬೇಡಿ. ಪಿಡಿಎಫ್ ಮಾಡಿ, ಅದನ್ನು ನಿಮ್ಮ ಫೋನಿನಲ್ಲಿ ತೆರೆದು ಒಂದೊಂದು ಹೆಸರನ್ನೂ ಓದಿ, ಆಮೇಲೆ ಕಳಿಸಿ. ಇನ್ನೊಬ್ಬ ನಕ್ಷೆಗಾರನಿಗೆ ಮೂಲ ಕಡತವೇ ಬೇಕೆಂದರೆ ‘ಈಟ್ರಾನ್ಸ್‌ಮಿಟ್’ ಬಳಸಿ, ಫಾಂಟೂ ಜೊತೆಗೆ ಹೋಗುವಂತೆ ನೋಡಿಕೊಳ್ಳಿ. ಬ್ಯಾಂಕಿನವರು ಇಂಗ್ಲಿಷ್ ಕೇಳುತ್ತಾರೆಂಬ ಅಳುಕೇ? ಕನ್ನಡದ ಹೆಸರುಗಳನ್ನು ಒಂದು ಲೇಯರಿನಲ್ಲಿ, ಇಂಗ್ಲಿಷ್ ಹೆಸರುಗಳನ್ನು ಇನ್ನೊಂದರಲ್ಲಿ ಇಡಿ. ಬ್ಯಾಂಕಿಗೆ ಒಂದನ್ನು ಆರಿಸಿ, ಗೌಂಡಿಗೆ ಇನ್ನೊಂದನ್ನು ಬೆಳಗಿಸಿ. ನಕ್ಷೆ ಒಂದೇ, ಮುಖ ಎರಡು. ಇದಕ್ಕೆ ಹೆಚ್ಚುವರಿ ಕಾಸೂ ಬೇಡ, ಯಾರ ಅಪ್ಪಣೆಯೂ ಬೇಡ.

ಎರಡನೆಯದು ಅಳತೆಯ ರೋಗ. ಎಲ್ಲಿಂದಲೋ ಎತ್ತಿ ತಂದ ಬಾಗಿಲಿನ ಚಿತ್ರ ನಿಮ್ಮ ನಕ್ಷೆಗೆ ಬಂದೊಡನೆ ಕೋಟೆಯ ಹೆಬ್ಬಾಗಿಲಿನಂತೆ ಮೂವತ್ತಾರು ಅಡಿ ಅಗಲ ನಿಂತಿತೇ? ಗಾಬರಿ ಬೇಡ. ಅದನ್ನು ಬರೆದವನು ಒಂದು ಮಾನವನ್ನು ಒಂದು ಇಂಚು ಎಂದುಕೊಂಡಿದ್ದ; ನೀವು ಒಂದು ಅಡಿ ಎಂದುಕೊಂಡಿದ್ದೀರಿ. ‘ಸ್ಕೇಲ್’ ಆಜ್ಞೆಯಲ್ಲಿ ಹನ್ನೆರಡರಿಂದ ಭಾಗಿಸಿ. ಇಂಚನ್ನು ಮಿಲಿಮೀಟರಿಗೆ ತರಲು 25.4, ಅಡಿಯನ್ನು ಮಿಲಿಮೀಟರಿಗೆ ತರಲು 304.8. ಈ ಎರಡು ಅಂಕಿ ಬಾಯಿಪಾಠ ಇರಲಿ. ಇನ್ನೂ ಒಳ್ಳೆಯ ದಾರಿಯೆಂದರೆ ಮೊದಲ ಗೆರೆ ಎಳೆಯುವ ಮುನ್ನವೇ ‘ಯೂನಿಟ್ಸ್’ ತೆರೆದು ಮಾನ ಗೊತ್ತುಮಾಡುವುದು.

ಗೋಡೆಯ ದಪ್ಪವನ್ನೂ ಮರೆಯಬೇಡಿ. ಗೋಡೆಯ ನಡುವಿನಿಂದ ನಡುವಿಗೆ ಹತ್ತು ಅಡಿ ಎಂದು ಬರೆದರೆ, ಒಂಬತ್ತು ಇಂಚಿನ ಗೋಡೆ ಕಟ್ಟಿದ ಮೇಲೆ ಒಳಗೆ ಉಳಿಯುವುದು ಒಂಬತ್ತು ಅಡಿ ಮೂರು ಇಂಚು ಮಾತ್ರ. ಗಿಲಾವು ಇನ್ನಷ್ಟು ತಿನ್ನುತ್ತದೆ. ಮಂಚ, ಕಪಾಟು ಲೆಕ್ಕ ಹಾಕಿ ಕೂತ ಅಕ್ಕನಿಗೆ ಆಮೇಲೆ ಏನು ಉತ್ತರ ಹೇಳುತ್ತೀರಿ? ಒಳಗಿನ ಅಳತೆಯನ್ನೇ ಕಾಣುವಂತೆ ಬರೆಯಿರಿ. ಅಚ್ಚು ಹಾಕಿಸುವಾಗ ‘ಫಿಟ್ ಟು ಪೇಪರ್’ ಒತ್ತಿದರೆ ಪ್ರಮಾಣ ಹೋಯಿತು ಎಂದೇ ತಿಳಿಯಿರಿ. ಝೆರಾಕ್ಸಿನಲ್ಲಿ ಕಾಗದ ಕುಗ್ಗುತ್ತದೆ, ಹಿಗ್ಗುತ್ತದೆ. ಆದ್ದರಿಂದ ನಕ್ಷೆಯ ಅಡಿಯಲ್ಲಿ ಅಳತೆ ಪಟ್ಟಿಯೊಂದನ್ನು ಬರೆದಿಡಿ. ನಕ್ಷೆ ಕುಗ್ಗಿದರೆ ಅದೂ ಅಷ್ಟೇ ಕುಗ್ಗುತ್ತದೆ, ಲೆಕ್ಕ ತಪ್ಪುವುದಿಲ್ಲ.

ಮೂರನೆಯದು ಬಿಸಿಲಿನ ಮಾತು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ ಇದು ಬದುಕಿನ ಪ್ರಶ್ನೆ. ಸ್ಕೆಚ್‌ಅಪ್‌ನಲ್ಲಿ ನೆರಳು ಹಾಕಿ ನೋಡಿ “ಛಜ್ಜಾ ಇಷ್ಟು ಸಾಕು” ಎನ್ನುತ್ತೀರಲ್ಲ, ಆ ನೆರಳು ಯಾವ ಊರಿನದು ಎಂದು ಎಂದಾದರೂ ಕೇಳಿದ್ದೀರಾ? ನೀವು ಸ್ಥಳ ಹೇಳದಿದ್ದರೆ ಅದು ಅಮೆರಿಕದ ಕೊಲರಾಡೊದ ಬೌಲ್ಡರ್ ಊರಿನ ಸೂರ್ಯ! ಅದು 40 ಡಿಗ್ರಿ ಅಕ್ಷಾಂಶ. ನಮ್ಮ ಮಸ್ಕಿ, ಲಿಂಗಸುಗೂರು ಸುಮಾರು 16 ಡಿಗ್ರಿ. ಡಿಸೆಂಬರಿನ ನಡುಹಗಲಲ್ಲಿ ಎರಡು ಅಡಿಯ ಛಜ್ಜಾ ದಕ್ಷಿಣದ ಗೋಡೆಯ ಮೇಲೆ ಬೌಲ್ಡರಿನಲ್ಲಿ ಒಂದಡಿ ನೆರಳು ಚೆಲ್ಲಿದರೆ, ನಮ್ಮಲ್ಲಿ ಸುಮಾರು ಎರಡೂಕಾಲರಿಂದ ಎರಡೂವರೆ ಅಡಿ ಚೆಲ್ಲುತ್ತದೆ. ಮೇ ಮೊದಲ ವಾರದಲ್ಲಿ ನಮ್ಮ ಸೂರ್ಯ ನೆತ್ತಿಯ ಮೇಲೆ ಬಂದು, ಆಮೇಲೆ ಆಗಸ್ಟಿನ ಎರಡನೇ ವಾರದವರೆಗೆ ನಡುಹಗಲಲ್ಲಿ ಉತ್ತರಕ್ಕೇ ವಾಲಿರುತ್ತಾನೆ. ಬೌಲ್ಡರಿನಲ್ಲಿ ಹಾಗೆ ಎಂದೂ ಆಗದು. ಅಲ್ಲಿನ ನೆರಳು ನೋಡಿ ಇಲ್ಲಿ ಮನೆ ಕಟ್ಟಿದರೆ ಬೇಯುವವರು ಯಾರು? ನಮ್ಮ ಅಪ್ಪ-ಅವ್ವ!

ಆದ್ದರಿಂದ ಮೊದಲು ಊರನ್ನು ಗೊತ್ತುಮಾಡಿ, ಉತ್ತರ ದಿಕ್ಕನ್ನು ತಿರುಗಿಸಿ ಸರಿಮಾಡಿ. ಬಿಟ್ಟಿಯಾಗಿ ಸಿಗುವ ಸ್ವೀಟ್ ಹೋಮ್ 3ಡಿಯಲ್ಲೂ ದಿಕ್ಸೂಚಿಯನ್ನು ತೆರೆದು ಅಕ್ಷಾಂಶ-ರೇಖಾಂಶ ಕೊಡಬಹುದು. ಆಮೇಲೆ ಏಪ್ರಿಲ್ ತಿಂಗಳು, ಸಂಜೆ ನಾಲ್ಕು ಗಂಟೆ ಇಟ್ಟು ನೋಡಿ. ಪಶ್ಚಿಮದ ಗೋಡೆ ಹೇಗೆ ಉರಿಯುತ್ತದೆಂದು ಕಣ್ಣಿಗೇ ಕಾಣುತ್ತದೆ. ಇಳಿಬಿಸಿಲಿಗೆ ಛಜ್ಜಾ ತಡೆಯಾಗದು. ಆ ಕಡೆ ಮೆಟ್ಟಿಲು, ಬಚ್ಚಲು, ಉಗ್ರಾಣ ಇಟ್ಟು, ಮಲಗುವ ಕೋಣೆಯನ್ನು ಬೇರೆ ಕಡೆ ಒಯ್ಯಿರಿ.

ನಾಲ್ಕನೆಯದು ನೆಲ. ಇದರಲ್ಲಿ ತಪ್ಪಿದರೆ ಗೋಡೆಯೇ ಬಿರಿಯುತ್ತದೆ. ಸಿಂಧನೂರು ಸೀಮೆಯ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿಬಿಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗದ್ದೆಯನ್ನೇ ಸೈಟು ಮಾಡಿದ ಕಡೆಯಲ್ಲಂತೂ ಕೇಳುವುದೇ ಬೇಡ. ನೀವೋ, ಬೆಂಗಳೂರಿನ ಕೆಂಪುಮಣ್ಣಿಗೆ ಬರೆದ ಬುನಾದಿಯ ಚಿತ್ರವನ್ನು ಹಳೆಯ ಕಡತದಿಂದ ಎತ್ತಿ ಇಲ್ಲಿ ಅಂಟಿಸುತ್ತೀರಿ. ತಂತ್ರಾಂಶ “ಬೇಡಪ್ಪಾ” ಎನ್ನುವುದಿಲ್ಲ. ಅದಕ್ಕೆ ಮಣ್ಣು ಗೊತ್ತಿಲ್ಲ. ಎಳೆದ ಗೆರೆಯಷ್ಟೇ ಗೊತ್ತು. ಎರೆಮಣ್ಣಿಗೆಂದೇ ಬುಡ ಉಬ್ಬಿದ ಕಂಬದ ಬುನಾದಿಯ ಪದ್ಧತಿ ಇದೆ. ಭಾರತೀಯ ಮಾನಕ 2911ರ ಮೂರನೇ ಭಾಗ ಅದಕ್ಕೇ ಮೀಸಲು. ಮಣ್ಣು ಪರೀಕ್ಷೆ ಮಾಡಿಸಿ, ಕಟ್ಟಡದ ಲೆಕ್ಕ ಬಲ್ಲ ಎಂಜಿನಿಯರರಿಗೆ ತೋರಿಸದೆ ಬುನಾದಿಯ ಹಾಳೆಯನ್ನು ಯಾರ ಕೈಗೂ ಕೊಡಬೇಡಿ. ಕೋಣೆ ಜೋಡಿಸಲು ಬಂದ ಮಾತ್ರಕ್ಕೆ ನೀವು ಭಾರದ ಲೆಕ್ಕ ಬಲ್ಲವರಾಗುವುದಿಲ್ಲ. ಹೀಗೆಂದರೆ ಬೇಸರ ಬೇಡ. ಬಿರುಕು ಬಿಟ್ಟ ಮನೆಯ ಮುಂದೆ ನಿಂತು ತಲೆ ತಗ್ಗಿಸುವುದಕ್ಕಿಂತ ಇದು ಮೇಲು.

ಐದನೆಯದು ಬದುಕು. ತಂತ್ರಾಂಶದ ಜೊತೆ ಬರುವ ಸಾಮಾನಿನ ಉಗ್ರಾಣ ತೆರೆದು ನೋಡಿ. ಸ್ನಾನದ ತೊಟ್ಟಿ ಇದೆ, ಬೆಂಕಿಗೂಡು ಇದೆ, ಹಿಮ ಸುರಿಯುವ ದೇಶದ ಇಳಿಜಾರು ಚಾವಣಿ ಇದೆ. ಜೋಳದ ಚೀಲ ಒಟ್ಟುವ ಜಾಗ? ಹೊತ್ತು ಮುಳುಗಿದ ಮೇಲೆ ನಾಲ್ಕು ಮಂದಿ ಕೂರುವ ಕಟ್ಟೆ? ದನದ ಗೋದಲಿ? ಬೇಸಿಗೆ ರಾತ್ರಿ ಮನೆಮಂದಿಯೆಲ್ಲ ಮಲಗುವ ಮಾಳಿಗೆ? ಯಾವುದೂ ಇಲ್ಲ. ಇಲ್ಲವೆಂದು ನಾವೂ ಬಿಟ್ಟರೆ ಮುಂದಿನ ಮನೆಗಳಲ್ಲೂ ಇರುವುದಿಲ್ಲ. ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆ, ಬೆಳಕಿಂಡಿ, ನೆಲದ ಫರಸಿ ಕಲ್ಲು ಇವೆಲ್ಲ ಬಿಸಿಲಿಗೆ ಉತ್ತರವಾಗಿ ಹುಟ್ಟಿದವು. ರಜೆಗೆ ಊರಿಗೆ ಹೋದಾಗ ಟೇಪು ಹಿಡಿದು ಅಜ್ಜನ ಮನೆಯ ಪಡಸಾಲೆ ಅಳೆಯಿರಿ. ಕಟ್ಟೆ, ಬೆಳಕಿಂಡಿ, ಉಗ್ರಾಣಗಳನ್ನು ಬ್ಲಾಕ್ ಮಾಡಿ ಕನ್ನಡದ ಹೆಸರಿಟ್ಟು ಗೆಳೆಯರೊಡನೆ ಹಂಚಿಕೊಳ್ಳಿ. ‘ಲಿವಿಂಗ್’, ‘ಫಾಯರ್’ ಎಂದು ಬರೆದ ಜಾಗದಲ್ಲಿ ಪಡಸಾಲೆ ಎಂದು ಬರೆದರೆ ಅಲ್ಲಿ ಬೇಕಾದ ಅಗಲವೂ ನಿಮಗೆ ನೆನಪಾಗುತ್ತದೆ.

ಕೊನೆಗೆ ಕಡತದ ರಕ್ಷಣೆ. ಕರೆಂಟು ಹೋಗಿ ನಕ್ಷೆ ಹೋಯಿತೆಂದು ಅಳಬೇಡಿ. ಅದೇ ಜಾಗದಲ್ಲಿರುವ ಬಿಎಕೆ ಕಡತದ ಬಾಲವನ್ನು ಡಿಡಬ್ಲ್ಯುಜಿ ಎಂದು ಬದಲಿಸಿ ತೆರೆಯಿರಿ. ಕೆಟ್ಟ ಕಡತಕ್ಕೆ ‘ರಿಕವರ್’, ತೆರೆದ ಮೇಲೆ ‘ಆಡಿಟ್’, ಭಾರವಾದ ಕಡತಕ್ಕೆ ‘ಪರ್ಜ್’. ‘ಸೇವ್‌ಟೈಮ್’ ಐದು ನಿಮಿಷಕ್ಕೆ ಇಡಿ. ಕದ್ದ ತಂತ್ರಾಂಶ, ಕಂಡವರ ಪೆನ್‌ಡ್ರೈವ್ ದೂರವಿಡಿ: 2012ರಲ್ಲಿ ಪತ್ತೆಯಾದ ‘ಮೆಡ್ರೆ’ ಎಂಬ ಹುಳ ಪೆರು ದೇಶದ ಸಾವಿರಾರು ಆಟೋಕ್ಯಾಡ್ ನಕ್ಷೆಗಳನ್ನು ಕದ್ದು ಚೀನಾದ ಮಿಂಚಂಚೆಗಳಿಗೆ ರವಾನಿಸಿತ್ತು. ಹಣವಿಲ್ಲದವರಿಗೆ ಲಿಬ್ರೆಕ್ಯಾಡ್, ಫ್ರೀಕ್ಯಾಡ್ ಇವೆ. ಲಿಬ್ರೆಕ್ಯಾಡ್ ಡಿಎಕ್ಸ್‌ಎಫ್ ಕಡತವನ್ನಷ್ಟೇ ಬರೆಯುತ್ತದೆ, ಡಿಡಬ್ಲ್ಯುಜಿ ಬರೆಯದು ಎಂಬುದು ನೆನಪಿರಲಿ. ಇವುಗಳ ಒಳಗುಟ್ಟು ಎಲ್ಲರಿಗೂ ತೆರೆದಿದೆ. ಆಜ್ಞೆಗಳನ್ನು ಕನ್ನಡಕ್ಕೆ ತರುತ್ತೇನೆಂದು ಕೂತರೆ ತಡೆಯುವವರು ಯಾರೂ ಇಲ್ಲ. ಬರೀ ಜಯಕಾರ ಹಾಕುವ ಕೈ ಒಂದು ತಿಂಗಳು ಈ ಕೆಲಸ ಮಾಡಬಾರದೇಕೆ?

ಮಸ್ಕಿಯ ಬಂಡೆಯನ್ನು ನೆನೆಯಿರಿ. ಎರಡು ಸಾವಿರ ವರ್ಷಕ್ಕೂ ಹಿಂದೆ ಬ್ರಾಹ್ಮಿ ಲಿಪಿಯಲ್ಲಿ ಕೊರೆದ ಶಾಸನ ಅದು. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದನ್ನು ಗಟ್ಟಿಮಾಡಿದ ಹೆಸರು ಅದರಲ್ಲಿತ್ತು. ಆದರೆ 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಕಾಣುವವರೆಗೆ ಆ ಸಂಗತಿ ಜಗತ್ತಿಗೆ ತಿಳಿದಿರಲಿಲ್ಲ. ಕಲ್ಲಿನಲ್ಲಿ ಕೊರೆದಿದ್ದರೂ ಓದುವವರಿಲ್ಲದ ಬರಹ ಇದ್ದೂ ಇಲ್ಲದಂತೆ. ನಿಮ್ಮ ನಕ್ಷೆ ಬಂಡೆಯಷ್ಟು ಕಾಲ ಕಾಯಲಾರದು. ನಾಳೆ ಬೆಳಿಗ್ಗೆ ಗೌಂಡಿ ದಾರ ಕಟ್ಟುತ್ತಾನೆ. ಅವನ ಕೈಯಲ್ಲಿರುವ ಹಾಳೆ ಅವನಿಗೆ ಓದಲು ಬರಬೇಕು.

ಇವತ್ತೇ ಗಣಕ ತೆರೆಯಿರಿ, ಊರಿಗೆ ಕಳಿಸಿದ ಕೊನೆಯ ನಕ್ಷೆಯನ್ನು ಹೊರತೆಗೆಯಿರಿ. ಅಕ್ಷರ ನೋಡಿ, ಅಳತೆ ನೋಡಿ, ಸೂರ್ಯ ಯಾವ ಊರಿನವನೆಂದು ನೋಡಿ. ತಪ್ಪಿದ್ದರೆ ತಿದ್ದಿ, ಊರಿಗೆ ಫೋನು ಮಾಡಿ: “ಕಾಕಾ, ಆ ಹಾಳಿ ಬ್ಯಾಡ. ಹೊಸಾದು ಕಳಸ್ತೀನಿ, ಅದನ್ನ ನೋಡಿ ಕಟ್ರಿ.”