ಛಲಕ್ಕೂ ಹಟಕ್ಕೂ ನಡುವೆ ಒಂದು ಗೆರೆ

2017ರ ಬೇಸಿಗೆಯ ಒಂದು ಬೆಳಗಿನ ಜಾವ, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ, ವರದಾ ನದಿ ತುಂಗಭದ್ರೆಯನ್ನು ಕೂಡುವ ಸಂಗಮದ ದಂಡೆಯ ಮೇಲೆ ನನ್ನ ದೊಡ್ಡಪ್ಪನ ಮಗ ಒಬ್ಬನೇ ಕುಳಿತಿದ್ದ. ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯಕ್ಕೆ ಪೂಜೆಗೆಂದು ಬಂದ ಅರ್ಚಕರು ಅವನನ್ನು ಗುರುತಿಸಿ, ಮಾತನಾಡಿಸಿ, ಚಹಾ ಕುಡಿಸಿ, ಮನೆಗೆ ಫೋನು ಮಾಡಿಸಿದರು. ಹತ್ತು ಹನ್ನೆರಡು ಕಿಲೋಮೀಟರು ದೂರದ ತನ್ನ ಊರಿನಿಂದ ಅವನು ರಾತ್ರಿಯೆಲ್ಲ ನಡೆದು ಬಂದಿದ್ದ. ಏಕೆ ಬಂದೆ ಎಂದು ಆಗ ನಾವಾರೂ ಕೇಳಲಿಲ್ಲ. ಕೇಳಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಅಣ್ಣನದು ಏಳು ಎಕರೆ ಎರೆಹೊಲ. ಎರಡು ಹೊಳೆಗಳು ಕೂಡುವ ಸ್ಥಳಕ್ಕೆ ಅಷ್ಟು ಹತ್ತಿರವಿದ್ದರೂ ಆ ಹೊಲಕ್ಕೆ ಮಳೆಯೇ ಗತಿ. 2014ರಲ್ಲಿ ಕೊರೆಯಿಸಿದ ಮೊದಲ ಕೊಳವೆಬಾವಿಯಲ್ಲಿ ನೀರು ಬಿದ್ದಿತು. ಒಂದು ವರ್ಷ ಮೆಣಸಿನಕಾಯಿ ಚೆನ್ನಾಗಿ ಬಂದಿತು. ಮರುಬೇಸಿಗೆಗೆ ಬಾವಿ ಬತ್ತಿತು. 2015 ಮತ್ತು 2016 ಎರಡೂ ಬರದ ವರ್ಷಗಳು. ಎರಡನೆಯದು, ಮೂರನೆಯದು, ನಾಲ್ಕನೆಯದು ಎಂದು ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚು ಆಳ, ಹಿಂದಿನದಕ್ಕಿಂತ ಹೆಚ್ಚು ಬಡ್ಡಿ. ನಾಲ್ಕನೆಯದಕ್ಕೆ ಮೊದಲು ಅವನು ನನಗೆ ಫೋನು ಮಾಡಿದ್ದ. ‘ಇದೊಂದ ಸಲ ನೋಡ್ತೀನಿ ತಮ್ಮಾ’ ಎಂದ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳಲ್ಲಿ ಲಾಭನಷ್ಟದ ಟಿಪ್ಪಣಿ ಬರೆದ ನಾನು, ‘ಛಲ ಬಿಡಬೇಡಣ್ಣ’ ಎಂದು ಹೇಳಿ ಅರವತ್ತು ಸಾವಿರ ರೂಪಾಯಿ ಕಳಿಸಿದೆ. ಆ ಹಣಕ್ಕಿಂತ ಆ ಮಾತೇ ಅವನಿಗೆ ಹೆಚ್ಚು ಭಾರವಾಯಿತೆಂದು ಅರಿಯಲು ನನಗೆ ಬಹಳ ಕಾಲ ಬೇಕಾಯಿತು.

ಛಲವನ್ನು ಹೊಗಳುವುದು ನಮಗೆ ರೂಢಿಯಾಗಿದೆ. ಶಾಲೆಯ ಗೋಡೆಬರಹದಿಂದ ಸನ್ಮಾನ ಪತ್ರದವರೆಗೆ ಎಲ್ಲೆಡೆಯೂ ಬಿಡದೆ ಹಿಡಿದವನದೇ ಪ್ರಶಂಸೆ. ಆದರೆ ನಮ್ಮ ಆದಿಕವಿ ಈ ಗುಣವನ್ನು ಯಾರ ಹೆಸರಿಗೆ ಬರೆದಿಟ್ಟಿದ್ದಾನೆ ಎಂಬುದನ್ನು ನಾವು ಮರೆಯುತ್ತೇವೆ. ಪಂಪ ತನ್ನ ಭಾರತದ ಕೊನೆಯಲ್ಲಿ ಒಬ್ಬೊಬ್ಬ ವೀರನನ್ನು ಒಂದೊಂದು ಗುಣಕ್ಕಾಗಿ ನೆನೆಯುವಾಗ, ಛಲಕ್ಕೆ ನೆನೆಯುವುದು ದುರ್ಯೋಧನನನ್ನು. ಅದು ಮೆಚ್ಚುಗೆಯ ಮಾತೇ ಹೌದು. ಆದರೆ ಆ ಛಲದ ಬೆಲೆಯಾಗಿ ತೆತ್ತದ್ದು ನೂರು ಜನ ಅಣ್ಣತಮ್ಮಂದಿರನ್ನು. ಮೆಚ್ಚುಗೆಗೆ ಅರ್ಹವಾದ ಗುಣವೊಂದು ಮನೆತನವನ್ನೇ ನುಂಗಬಲ್ಲದೆಂಬ ಅರಿವು ನಮ್ಮ ಸಾಹಿತ್ಯದಲ್ಲಿ ಸಾವಿರ ವರ್ಷಗಳ ಹಿಂದೆಯೇ ಇತ್ತು. ಅದು ನಮ್ಮ ಉಪದೇಶಗಳಲ್ಲಿ ಮಾತ್ರ ಇಲ್ಲ.

ಛಲ ಯಾವಾಗ ಹಟವಾಗುತ್ತದೆ? ಅರ್ಥಶಾಸ್ತ್ರ ಇದಕ್ಕೆ ಸರಳವಾದ ಉತ್ತರ ಕೊಡುತ್ತದೆ. ಈಗಾಗಲೇ ಖರ್ಚಾಗಿ ಮರಳಿ ಬಾರದ ಹಣವನ್ನು ಅದು ‘ಮುಳುಗಿದ ವೆಚ್ಚ’ ಎನ್ನುತ್ತದೆ. ಮುಂದಿನ ಹೆಜ್ಜೆಯ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ. ನಾಲ್ಕನೆಯ ಬಾವಿಯಲ್ಲಿ ನೀರು ಬೀಳುವ ಸಾಧ್ಯತೆಗೂ ಮೊದಲ ಮೂರರಲ್ಲಿ ಕಳೆದುಕೊಂಡ ಹಣಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ನಮ್ಮ ಮನಸ್ಸು, ‘ಇಷ್ಟು ಹಾಕಿದ್ದೇನೆ, ಈಗ ಬಿಟ್ಟರೆ ಅದೆಲ್ಲ ವ್ಯರ್ಥವಾಗುತ್ತದೆ’ ಎನ್ನುತ್ತದೆ. ಮುಂದೆ ಸಿಗಬಹುದಾದ ಫಲಕ್ಕಾಗಿ ದುಡಿಯುವುದು ಛಲ. ಹಿಂದೆ ಕಳೆದುಕೊಂಡದ್ದನ್ನು ಸಮರ್ಥಿಸಿಕೊಳ್ಳಲು ದುಡಿಯುವುದು ಹಟ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ.

ಈ ಗೊಂದಲ ನನ್ನ ಅಣ್ಣನೊಬ್ಬನದಲ್ಲ. ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ತರುವ ಪ್ರತಿಯೊಬ್ಬ ರೈತನ ಮುಂದೆಯೂ ಇದೇ ಪ್ರಶ್ನೆಯಿದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಕಾರಣಕ್ಕೆ ಹೆಸರಾದ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಬೆಳೆಯನ್ನು ಇಂದೇ ಮಾರಬೇಕೋ, ಶೀತಲಗೃಹದಲ್ಲಿಟ್ಟು ಕಾಯಬೇಕೋ? ಸಾಲವಿಲ್ಲದವನಿಗೆ ಕಾಯುವುದು ಜಾಣತನ. ಬಡ್ಡಿ ಬೆಳೆಯುತ್ತಿರುವವನಿಗೆ ಅದೇ ಕಾಯುವಿಕೆ ಜೂಜು. 2024ರ ಮಾರ್ಚ್ 11ರ ಸೋಮವಾರ ಧಾರಣೆ ಕುಸಿದಾಗ ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯ ಆವರಣದಲ್ಲಿ ವಾಹನಗಳು ಹೊತ್ತಿ ಉರಿದವು, ಕಚೇರಿಯ ಮೇಲೆ ಕಲ್ಲು ಬಿದ್ದವು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಆ ಬೆಂಕಿಯ ಹಿಂದೆ ತಿಂಗಳುಗಟ್ಟಲೆ ಒಳಗೇ ಅದುಮಿಟ್ಟುಕೊಂಡ ಒತ್ತಡವಿತ್ತೆಂಬುದನ್ನು ಕಾಣದಿರುವುದು ಆಡಳಿತಕ್ಕೆ ಭೂಷಣವಲ್ಲ.

ಒತ್ತಡವು ಮನುಷ್ಯನ ವಿವೇಚನೆಗೆ ಏನು ಮಾಡುತ್ತದೆ? ಈ ಬಗ್ಗೆ ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಅವರ ಸಂಗಡಿಗರು ಅದೇ ರೈತರನ್ನು ಕಟಾವಿಗೆ ಮೊದಲು ಒಮ್ಮೆ, ಕಟಾವಾಗಿ ಹಣ ಕೈಸೇರಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದರು. ಹಣದ ಮುಗ್ಗಟ್ಟಿನ ದಿನಗಳಲ್ಲಿ ಅವರ ಯೋಚನಾಶಕ್ತಿಯ ಅಂಕಗಳು ಸ್ಪಷ್ಟವಾಗಿ ಕಡಿಮೆಯಿದ್ದವು. ಮನುಷ್ಯ ಅವನೇ, ಬುದ್ಧಿ ಅದೇ. ಆದರೆ ಚಿಂತೆ ಅದರ ಬಹುಭಾಗವನ್ನು ಆಕ್ರಮಿಸಿಕೊಂಡಿತ್ತು. ಮುಂದುವರಿಯಬೇಕೋ ಬಿಡಬೇಕೋ ಎಂಬ ಅತ್ಯಂತ ಕಠಿಣವಾದ ತೀರ್ಮಾನವು ಮನುಷ್ಯನ ಮುಂದೆ ಬರುವುದು, ಅದನ್ನು ತೆಗೆದುಕೊಳ್ಳಲು ಅವನು ಅತ್ಯಂತ ಅಶಕ್ತನಾಗಿರುವ ಗಳಿಗೆಯಲ್ಲಿಯೇ.

ನಮ್ಮಲ್ಲಿ ನಡೆದ ಒಂದು ಹಳೆಯ ಜಗಳಕ್ಕೂ ಇಲ್ಲಿ ಉತ್ತರವಿದೆ. ರೈತರ ಆತ್ಮಹತ್ಯೆಗಳ ಬಗ್ಗೆ ಡಾ. ಜಿ.ಕೆ. ವೀರೇಶ್ ಅಧ್ಯಕ್ಷತೆಯ ತಜ್ಞರ ಸಮಿತಿ 2002ರಲ್ಲಿ ವರದಿ ಕೊಟ್ಟಾಗ, ಸಾಲವೊಂದೇ ಕಾರಣವಲ್ಲ, ಕೌಟುಂಬಿಕ ಹಾಗೂ ಸಾಮಾಜಿಕ ಕಾರಣಗಳೂ ಇವೆ ಎಂದಿತು. ಇದು ಹೊಣೆಯನ್ನು ರೈತನ ತಲೆಗೇ ಕಟ್ಟುವ ಮಾತು ಎಂದು ಟೀಕೆ ಬಂದಿತು. ಹಣವೋ ಮನಸ್ಸೋ ಎಂಬ ಆ ವಾದವೇ ತಪ್ಪು ನೆಲೆಯದು. ಹಣದ ಸಂಕಟವು ಮನಸ್ಸನ್ನು ಕುಗ್ಗಿಸುತ್ತದೆ; ಕುಗ್ಗಿದ ಮನಸ್ಸು ಹಣದ ತೀರ್ಮಾನವನ್ನು ಕೆಡಿಸುತ್ತದೆ. ಒಂದೇ ಸರಪಳಿಯ ಎರಡು ಕೊಂಡಿಗಳವು.

ಉಪವಿಭಾಗಾಧಿಕಾರಿಯಾಗಿ ನಾನು ಪರಿಹಾರಕ್ಕೆ ಅರ್ಹರೋ ಅಲ್ಲವೋ ಎಂದು ನಿರ್ಧರಿಸುವ ಸಮಿತಿಯ ಅಧ್ಯಕ್ಷತೆ ವಹಿಸಿದ್ದುಂಟು. ಪಹಣಿ ಯಾರ ಹೆಸರಿನಲ್ಲಿದೆ, ಸಾಲ ಬ್ಯಾಂಕಿನದೋ ಕೈಗಡವೋ, ದಾಖಲೆ ಇದೆಯೋ ಎಂದು ಕೇಳುತ್ತಿದ್ದೆವು. ಎಷ್ಟು ತಿಂಗಳಿನಿಂದ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ ಎಂದು ಕೇಳುವ ಅಂಕಣ ನಮ್ಮ ನಮೂನೆಯಲ್ಲಿ ಇರಲಿಲ್ಲ. ಒಮ್ಮೆ ಒಬ್ಬ ಹೆಣ್ಣುಮಗಳು, ‘ಸಾಹೇಬರ, ಹೋದ ಮ್ಯಾಲೆ ಇಷ್ಟ ಮಂದಿ ಬಂದೀರಿ, ಇದ್ದಾಗ ಒಬ್ಬರರ ಬರಬೇಕಿತ್ತಲ್ರಿ’ ಎಂದಳು. ಅದಕ್ಕೆ ನಾನು ಏನೂ ಉತ್ತರಿಸಲಿಲ್ಲ. ಕಡತಕ್ಕೆ ಸಹಿ ಹಾಕಿದೆ. ಪರಿಹಾರದ ಮೊತ್ತ 2015ರಲ್ಲಿ ಐದು ಲಕ್ಷ ರೂಪಾಯಿಗೆ ಏರಿತು. ಅದು ನ್ಯಾಯವೇ. ಆದರೆ ಆಕೆಯ ಮಾತಿಗೆ ಅದು ಉತ್ತರವಲ್ಲ.

ಹಾಗಾದರೆ ಬಿಡುವುದೇ ವಿವೇಕವೆ? ಅಲ್ಲ. ಇದಕ್ಕೆ ಅದೇ ಗಳಗನಾಥದ ಮಣ್ಣಿನಲ್ಲಿ ಒಂದು ನಿದರ್ಶನವಿದೆ. ಊರಿನ ಹೆಸರನ್ನೇ ತನ್ನ ಹೆಸರಾಗಿಸಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಶಾಲಾ ಶಿಕ್ಷಕರಾಗಿದ್ದವರು. ಮರಾಠಿಯ ಪ್ರಾಬಲ್ಯದ ಮುಂಬಯಿ ಪ್ರಾಂತದಲ್ಲಿ ಕನ್ನಡಿಗರಿಗೆ ಕನ್ನಡದಲ್ಲಿ ಓದುವ ರುಚಿ ಹತ್ತಿಸಬೇಕೆಂಬುದು ಅವರ ಹಂಬಲ. ಆ ಹಂಬಲವನ್ನು ಅವರು ಬಿಡಲಿಲ್ಲ. ಆದರೆ ಅದರ ದಾರಿಯನ್ನು ಮತ್ತೆ ಮತ್ತೆ ಬದಲಿಸಿದರು. ಅಗಡಿಯ ಆನಂದವನದ ‘ಸದ್ಬೋಧ ಚಂದ್ರಿಕೆ’ಯಲ್ಲಿ ದುಡಿದರು, ಮುಂದೆ ‘ಸದ್ಗುರು’ ಎಂಬ ಪತ್ರಿಕೆ ನಡೆಸಿದರು, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ಒಗ್ಗಿಸಿದರು, ‘ಮಾಧವ ಕರುಣಾ ವಿಲಾಸ’ದಂತಹ ಐತಿಹಾಸಿಕ ಕಾದಂಬರಿ ಬರೆದರು. ಕೊಳ್ಳುವವರು ಬರಲಿಲ್ಲವೆಂದು ಕೈಕಟ್ಟಿ ಕೂರದೆ ಪುಸ್ತಕದ ಗಂಟು ಹೊತ್ತು ಊರೂರು ನಡೆದು ಮಾರಿದರು. ಗುರಿಗೆ ಅಂಟಿಕೊಂಡರು, ದಾರಿಗೆ ಅಂಟಿಕೊಳ್ಳಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳ ಆ ಸಾಹಸವನ್ನು ನಾನು ಛಲವೆಂದು ಕರೆಯುತ್ತೇನೆ.

ನನ್ನ ಅಣ್ಣನ ಗುರಿ ನೀರಾಗಿರಲಿಲ್ಲ. ಮನೆಯವರೆಲ್ಲ ಹೊಲದ ಮೇಲೆ ಗೌರವದಿಂದ ಬದುಕುವುದಾಗಿತ್ತು. ಕೊಳವೆಬಾವಿ ಅದಕ್ಕೊಂದು ದಾರಿ ಮಾತ್ರ. ಎಲ್ಲಿಯೋ ನಡುವೆ ದಾರಿಯೇ ಗುರಿಯಾಗಿಬಿಟ್ಟಿತು. ಕೈಗೆಟುಕದ ಗುರಿಯನ್ನು ಬಿಡಬಲ್ಲವರು ಮತ್ತು ಬಿಟ್ಟ ಮೇಲೆ ಹೊಸದೊಂದರಲ್ಲಿ ತೊಡಗಬಲ್ಲವರು ಮಾನಸಿಕವಾಗಿ ಹೆಚ್ಚು ಸ್ವಸ್ಥರಾಗಿರುತ್ತಾರೆಂದು ಮನಶ್ಶಾಸ್ತ್ರಜ್ಞ ಕಾರ್ಸ್ಟನ್ ರೋಶ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಇಲ್ಲಿ ಎರಡನೆಯ ಭಾಗವೇ ಮುಖ್ಯ. ಬರಿದೆ ಬಿಡುವುದು ಶೂನ್ಯ. ಬಿಟ್ಟು ಇನ್ನೊಂದನ್ನು ಹಿಡಿಯುವುದು ಬದುಕು.

ಅನುಭವದಿಂದ ನಾನು ಕಲಿತದ್ದು ಇಷ್ಟೆ. ಮೊದಲನೆಯದಾಗಿ, ಎಲ್ಲೆಯನ್ನು ಒತ್ತಡ ಬರುವ ಮೊದಲೇ ಹಾಕಿಕೊಳ್ಳಬೇಕು. ಎಷ್ಟು ಸಲ, ಎಷ್ಟು ಹಣ, ಎಷ್ಟು ದಿನ ಎಂದು ಮನಸ್ಸು ತಿಳಿಯಾಗಿರುವಾಗ ಬರೆದಿಡಬೇಕು, ಮನೆಯ ಇನ್ನೊಬ್ಬರು ಅದಕ್ಕೆ ಸಾಕ್ಷಿಯಾಗಿರಬೇಕು. ಇದು ಹೊಲಕ್ಕೆ ಮಾತ್ರ ಸಲ್ಲುವ ಮಾತಲ್ಲ. ಸ್ಪರ್ಧಾತ್ಮಕ ಪರೀಕ್ಷೆಯನ್ನು ಐದನೆಯ ಬಾರಿ ಬರೆಯುವ ಮಗನಿಗೂ, ನಷ್ಟದ ಅಂಗಡಿಗೆ ಮತ್ತೆ ಬಂಡವಾಳ ಸುರಿಯುವ ತಂದೆಗೂ ಸಲ್ಲುತ್ತದೆ. ಎರಡನೆಯದಾಗಿ, ದೇಹ ಹೇಳುವುದನ್ನು ಕೇಳಬೇಕು. ವಾರಗಟ್ಟಲೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಜನರ ಮುಖ ತಪ್ಪಿಸುವುದು ಸ್ವಭಾವದೋಷಗಳಲ್ಲ. ಇನ್ನು ಒಬ್ಬನೇ ಹೊರಬೇಡ ಎಂಬ ಸೂಚನೆಗಳು. ಅಂತಹ ದಿನಗಳಲ್ಲಿ ದೊಡ್ಡ ತೀರ್ಮಾನ ಮಾಡಬಾರದು, ಬಾಯಿ ಮುಚ್ಚಿಕೊಂಡಿರಲೂಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಪಂಪ್‌ಸೆಟ್ ರಿಪೇರಿಯವನ ನಂಬರಿನ ಪಕ್ಕದಲ್ಲಿ ಇದನ್ನೂ ಗೋಡೆಯ ಮೇಲೆ ಬರೆದಿಡುವುದರಲ್ಲಿ ಅವಮಾನವೇನೂ ಇಲ್ಲ.

ಮೂರನೆಯದು ಸರ್ಕಾರಕ್ಕೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರಿಗೆ ಆರೈಕೆ ಒದಗಿಸಬೇಕಾದ್ದು ಸರ್ಕಾರದ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ. ಯತ್ನದವರೆಗೆ ಕಾಯುವುದೇಕೆ? ಸಾಲದ ಕಂತು ಎರಡು ಸಲ ತಪ್ಪಿದಾಗ ಬ್ಯಾಂಕಿಗೆ ತಿಳಿಯುತ್ತದೆ, ಸಹಕಾರ ಸಂಘಕ್ಕೆ ತಿಳಿಯುತ್ತದೆ. ಆಗ ಮನೆಗೆ ಹೋಗಬೇಕಾದದ್ದು ನೋಟೀಸು ಮಾತ್ರವಲ್ಲ, ಕುಳಿತು ಲೆಕ್ಕ ನೋಡಿ ದಾರಿ ಹೇಳಬಲ್ಲ ಒಬ್ಬ ಮನುಷ್ಯ. ಸೋಲನ್ನು ಒಪ್ಪಿಕೊಂಡವನಿಗೆ ಗೌರವದಿಂದ ಹೊರಬರುವ ಬಾಗಿಲನ್ನು ತೆರೆದಿಡದೆ ಅವನಿಗೆ ಧೈರ್ಯ ಹೇಳುವುದು ಪೊಳ್ಳು ಉಪಚಾರ.

ಅಣ್ಣನನ್ನು ಉಳಿಸಿದ್ದು ನಾನಲ್ಲ, ನಮ್ಮ ವೈನಿ. ಅಂದು ಅವನು ಮನೆಗೆ ಬಂದ ಮೇಲೆ ಐದನೆಯ ಬಾವಿಯ ಮಾತು ಮತ್ತೆ ಎದ್ದಾಗ ಆಕೆ, ‘ಇನ್ನ ಎಷ್ಟ ಫೂಟ ಕೊರಸೂದೈತ್ರಿ? ಭೂಮಿ ಆಚೀಕಡೆ ತೂತ ಬೀಳೂತನಕಾ?’ ಎಂದು ಕೇಳಿದರಂತೆ. ಮನೆಯಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕೇಳಿಸಿದ್ದು ಆಗ. ಅದರ ಬೆನ್ನಿಗೆ ಅಳುವೂ ಬಂದಿತು. ಎರಡು ಎಕರೆ ಮಾರಿ ಕೈಗಡ ತೀರಿಸಿದರು. ಹಿರಿಯರ ಆಸ್ತಿ ಕಳೆದ ಎಂದು ಊರವರು ಆಡಿಕೊಂಡರು. ಧಾರವಾಡದ ವೈದ್ಯರೊಬ್ಬರ ಬಳಿ ಕೆಲವು ತಿಂಗಳು ಔಷಧವಾಯಿತು. ಉಳಿದ ಐದು ಎಕರೆಯಲ್ಲಿ ಮೆಣಸಿನಕಾಯಿಯ ಆಸೆ ಬಿಟ್ಟು ಹಿಂಗಾರಿ ಜೋಳ, ಕಡಲೆ ಹಾಕುತ್ತಾನೆ. ಎರಡು ಎಮ್ಮೆ ಕಟ್ಟಿದ್ದಾನೆ. ಶ್ರೀಮಂತನಾಗಿಲ್ಲ. 2023ರ ಬರದಲ್ಲಿ ಅವನಿಗೂ ಬೆಳೆ ಕೈಕೊಟ್ಟಿತು. ಆದರೆ ಆ ವರ್ಷ ಅವನು ರಾತ್ರಿ ಮಲಗಿದ, ಬೆಳಿಗ್ಗೆ ಎದ್ದ. ‘ನೀರ ಬೀಳಲಿಲ್ಲ ಅಷ್ಟ, ನಾ ಬಿದ್ದಿಲ್ಲಲ್ಲ’ ಎನ್ನುತ್ತಾನೆ.

ನಮ್ಮ ಮನೆಗಳಿಗೂ ಇಂತಹ ಫೋನುಗಳು ಬರುತ್ತವೆ. ಇದೊಂದು ಸಲ ನೋಡುತ್ತೇನೆ ಎನ್ನುವ ತಮ್ಮ, ಮಗಳು, ಹಳೆಯ ಗೆಳೆಯ. ಛಲ ಬಿಡಬೇಡ ಎನ್ನುವುದು ಸುಲಭ. ಕೇಳುವವನಿಗೂ ಹೇಳುವವನಿಗೂ ಹಿತವಾದ ಮಾತದು. ಅದನ್ನು ಹೇಳುವ ಮೊದಲು ಎರಡು ಪ್ರಶ್ನೆ ಕೇಳೋಣ. ಎಷ್ಟರ ತನಕ? ರಾತ್ರಿ ನಿದ್ದೆ ಬರುತ್ತದೆಯೆ? ನಾನು ಕೇಳಿರಲಿಲ್ಲ.